ಟಾಕ್ ಶೋಗೆ ಮೈಕ್: ಯಾವುದು, ಎಲ್ಲಿ, ಯಾಕೆ

ಸುದ್ದಿ ಓದುವವರಿಗೆ ಮೈಕ್ ಹಾಕುವುದು ಸುಲಭ. ಅವರು ಒಬ್ಬರೇ ಕೂತಿರುತ್ತಾರೆ, ಒಂದೇ ಕಡೆ ನೋಡುತ್ತಾರೆ, ದನಿಯ ಏರಿಳಿತವೂ ಕಮ್ಮಿ. ಟಾಕ್ ಶೋ ಹಾಗಲ್ಲ. ಇಲ್ಲಿ ಮೂರ್ನಾಲ್ಕು ಜನ ಒಂದೇ ಸೋಫಾದಲ್ಲಿ ಪಕ್ಕಪಕ್ಕ ಕೂತಿರುತ್ತಾರೆ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ, ಪಿಸುಮಾತಿನಲ್ಲಿ ಶುರುವಾದ ಕಥೆ ಜೋರು ನಗೆಯಲ್ಲಿ ಮುಗಿಯುತ್ತದೆ, ಮಧ್ಯೆ ಯಾರೋ ಎದೆ ಮುಟ್ಟಿಕೊಂಡು "ನಿಜವಾಗ್ಲೂ" ಅಂತಾರೆ, ಆ ಕೈ ಸೀದಾ ಹೋಗಿ ಮೈಕ್ ಮೇಲೆ ಬೀಳುತ್ತದೆ. ಎದುರಿಗೆ ಪ್ರೇಕ್ಷಕರಿರುತ್ತಾರೆ. ಅವರಿಗೆ ಕೇಳಿಸಲಿ ಅಂತ ಸ್ಪೀಕರ್ ಇಟ್ಟಿರುತ್ತಾರೆ. ಆ ಸ್ಪೀಕರ್ ಸದ್ದು ತಿರುಗಿ ಮೈಕ್‌ಗಳಿಗೇ ಬರುತ್ತದೆ.

ಇಷ್ಟರ ನಡುವೆ ಅತಿಥಿ ಮೈಕನ್ನು ಮರೆತು ಮಾತಾಡಬೇಕು. ಮೈಕ್ ನೆನಪಿದ್ದಷ್ಟು ಹೊತ್ತು ಜನ ಬಿಗಿಯಾಗಿ, ಅಳೆದು ತೂಗಿ ಮಾತಾಡುತ್ತಾರೆ. ಮರೆತ ಮೇಲೇ ನಿಜವಾದ ಹರಟೆ ಹುಟ್ಟುವುದು. ಹಾಗಾಗಿ ನನ್ನ ಪ್ರಕಾರ ಟಾಕ್ ಶೋದಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಾತಾಡುವವರಿಗೆ ಕಿರಿಕಿರಿ ಮಾಡದೆ ಅವರ ಬಾಯಿಗೆ ಎಷ್ಟು ಹತ್ತಿರ ಹೋಗಬಹುದು? ಬ್ರ್ಯಾಂಡ್, ಮಾಡೆಲ್ ಎಲ್ಲ ಆಮೇಲೆ.

ದೂರದ ಲೆಕ್ಕ

ಗೋಡೆಗಳ ಪ್ರತಿಧ್ವನಿ ಇಲ್ಲದ ಬಯಲಿನಲ್ಲಿ, ಬಾಯಿಗೂ ಮೈಕ್‌ಗೂ ಇರುವ ದೂರ ಎರಡು ಪಟ್ಟಾದಾಗೆಲ್ಲ ಮಾತಿನ ಮಟ್ಟ 6 ಡೆಸಿಬಲ್ (ಸದ್ದಿನ ಏರಿಳಿತದ ಅಳತೆ) ಇಳಿಯುತ್ತದೆ. 20 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 40ಕ್ಕೆ ಒಯ್ದರೆ 6 ಡೆಸಿಬಲ್ ಹೋಯಿತು, 80ಕ್ಕೆ ಒಯ್ದರೆ 12. ಗೇನ್, ಅಂದರೆ ಮೈಕ್‌ನಿಂದ ಬಂದ ದನಿಯನ್ನು ಹಿಗ್ಗಿಸುವ ಪ್ರಮಾಣ, ಏರಿಸಿದರೆ ಆಯ್ತಲ್ವಾ ಅನ್ನಿಸಬಹುದು. ತೊಂದರೆ ಇರುವುದೇ ಅಲ್ಲಿ. ಇಳಿದದ್ದು ಮಾತು ಮಾತ್ರ. ಸ್ಟುಡಿಯೋದ ಗುಂಯ್‌ಗುಡುವಿಕೆ, ಏಸಿ ಸದ್ದು, ಲೈಟ್‌ಗಳ ಒಳಗಿನ ಫ್ಯಾನ್, ಗೋಡೆಗೆ ಬಡಿದು ಬರುವ ದನಿ ಇವೆಲ್ಲ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತವೆ, ಮೈಕ್ ದೂರ ಹೋಯಿತು ಅಂತ ಅವು ಇಳಿಯುವುದಿಲ್ಲ. ಗೇನ್ ಏರಿಸಿದಾಗ ಅವೂ ಜೊತೆಗೆ ಏರಿ ಕೂರುತ್ತವೆ. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುವ ಆಡಿಯೋ ಬರುವುದು ಹೀಗೆ. ಒಮ್ಮೆ ಮಾತಿನೊಳಗೆ ಬೆರೆತ ಕೋಣೆಯ ಸದ್ದನ್ನು, ಒಂದೊಂದು ಆವರ್ತನವನ್ನು ಏರಿಸಿ ಇಳಿಸುವ ಈಕ್ವಲೈಜರ್ ಬೇರೆ ಮಾಡಲಾರದು. ಈಗ ಬಂದಿರುವ ಸದ್ದು ಕಳೆಯುವ ಸಾಫ್ಟ್‌ವೇರ್‌ಗಳು ಒಂದಷ್ಟು ಕೆಲಸ ಮಾಡುತ್ತವೆ ನಿಜ, ಆದರೆ ಜಾಸ್ತಿ ಒತ್ತಿದರೆ ದನಿಯ ಜೀವವನ್ನೂ ಕಿತ್ತುಕೊಂಡು ಹೋಗುತ್ತವೆ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ನೋಡಿದರೆ ಮೈಕ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ. ಕೆನ್ನೆಗೆ ಅಂಟಿ ಬಾಯಿಯ ಮೂಲೆಗೆ ಬರುವ ಹೆಡ್‌ಸೆಟ್ ಮೈಕ್ ಸುಮಾರು 3 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹ್ಯಾಂಡ್ ಮೈಕ್ 5ರಿಂದ 15. ಬಟ್ಟೆಗೆ ಸಿಕ್ಕಿಸುವ ಲ್ಯಾಪೆಲ್ ಮೈಕ್, ಅಂದರೆ ಕಾಲರ್ ಮೈಕ್, 15ರಿಂದ 20. ಟೇಬಲ್ ಮೇಲಿನ, ಬಾಗುವ ಕತ್ತಿನ ಗೂಸ್‌ನೆಕ್ ಮೈಕ್ 30ರ ಆಚೆಗೆ. ತಲೆ ಮೇಲೆ ತೂಗುವ ಬೂಮ್ 60ರಿಂದ 90.

ಶಬ್ದದ ದೃಷ್ಟಿಯಿಂದ ಮಾತ್ರ ನೋಡಿದರೆ ಹೆಡ್‌ಸೆಟ್ ಗೆಲ್ಲುತ್ತದೆ. ತಲೆ ಎತ್ತ ತಿರುಗಿದರೂ ಮೈಕ್ ಜೊತೆಗೇ ತಿರುಗುತ್ತದೆ, ಲ್ಯಾಪೆಲ್‌ಗಿಂತ ಸುಮಾರು 16 ಡೆಸಿಬಲ್ ಜಾಸ್ತಿ ಮಾತು ಸಿಗುತ್ತದೆ. ಅಡುಗೆ ಮಾಡುತ್ತಲೋ ಕುಣಿಯುತ್ತಲೋ ನಡೆಸುವ ಕಾರ್ಯಕ್ರಮಗಳಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಆಪ್ತವಾಗಿ ಕೂತು ಮಾತಾಡುವ ಶೋದಲ್ಲಿ ಕ್ಲೋಸಪ್ ಇರುವುದೇ ಮುಖದ ಮೇಲೆ. ಆ ಮುಖದ ಮೇಲೊಂದು ತಂತಿ ಕಂಡರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಟಿವಿಗೆ ಬಂದ ಅತಿಥಿಗೆ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂರುವುದೇ ಮುಜುಗರ. ಹೀಗಾಗಿ ಬಹುತೇಕ ಟಾಕ್ ಶೋಗಳು ಬಂದು ನಿಲ್ಲುವುದು ಲ್ಯಾಪೆಲ್ ಹತ್ತಿರ. ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಲ್ಯಾಪೆಲ್: ಎಲ್ಲ ಕಡೆಯಿಂದ ಕೇಳುವ ಮೈಕೇ ಯಾಕೆ?

ಹೊಸಬರಿಗೆ ಇದು ಆಶ್ಚರ್ಯ ಹುಟ್ಟಿಸುತ್ತದೆ. ಸುತ್ತಲಿನ ಗಲಾಟೆ ಬೇಡ ಅಂದರೆ ಒಂದೇ ದಿಕ್ಕಿನಿಂದ ಕೇಳುವ ಕಾರ್ಡಿಯಾಯ್ಡ್ ಮೈಕ್ ಒಳ್ಳೆಯದಲ್ವಾ? ಸೋನಿ ಇಸಿಎಂ-77, ಸ್ಯಾಂಕೆನ್ ಸಿಒಎಸ್-11ಡಿ, ಡಿಪಿಎ 4060, ಕಂಟ್ರಿಮನ್ ಬಿ6 ಹೀಗೆ ಸ್ಟುಡಿಯೋಗಳಲ್ಲಿ ಹೆಚ್ಚು ಕಾಣುವ ಲ್ಯಾಪೆಲ್‌ಗಳೆಲ್ಲ ಎಲ್ಲ ದಿಕ್ಕಿನಿಂದಲೂ ಕೇಳುವ ಆಮ್ನಿ ಮೈಕ್‌ಗಳು. ಇದಕ್ಕೆ ಕಾರಣ ಇದೆ.

ಕಾರ್ಡಿಯಾಯ್ಡ್ ಮೈಕ್ ಬಾಯಿಯ ಕಡೆಗೇ ಗುರಿ ಇಟ್ಟಿರಬೇಕು. 90 ಡಿಗ್ರಿ ಪಕ್ಕಕ್ಕೆ ತಿರುಗಿದರೆ 6 ಡೆಸಿಬಲ್ ಕಳೆದುಹೋಗುತ್ತದೆ. ಬಟ್ಟೆ ಮೇಲಿನ ಕ್ಲಿಪ್ ಎಲ್ಲಿ ಅಷ್ಟು ನಿಖರವಾಗಿ ನಿಲ್ಲುತ್ತದೆ? ಅತಿಥಿ ಒಮ್ಮೆ ಮುಂದಕ್ಕೆ ಬಾಗಿ ಎದ್ದರೆ ಸಾಕು, ಮೈಕ್ ಭುಜದ ಕಡೆ ನೋಡುತ್ತಿರುತ್ತದೆ. ಎರಡನೆಯದು, ದಿಕ್ಕು ಇರುವ ಮೈಕ್‌ಗಳಿಗೆ ಉಸಿರಿನ ಗಾಳಿ, ಬಟ್ಟೆಯ ಉಜ್ಜಾಟ, ತಂತಿಯ ಎಳೆತ ಇವೆಲ್ಲ ಆಮ್ನಿಗಿಂತ ಹೆಚ್ಚು ಕೇಳಿಸುತ್ತವೆ. ಮೂರನೆಯದು, ಅವು ಬಾಯಿಗೆ ಹತ್ತಿರ ಬಂದಷ್ಟೂ ಕೆಳಸ್ವರಗಳನ್ನು ಉಬ್ಬಿಸುತ್ತವೆ, ದೂರ ಹೋದಷ್ಟೂ ತೆಳುವಾಗಿಸುತ್ತವೆ. ತಲೆ ತಗ್ಗಿಸಿದಾಗ ಒಂದು ದನಿ, ಎತ್ತಿದಾಗ ಇನ್ನೊಂದು. ಆಮ್ನಿಯಲ್ಲಿ ಈ ಗೋಳು ಇಲ್ಲ. ಸ್ಪೀಕರ್‌ಗಳನ್ನು ತುಂಬ ಜೋರಾಗಿ ಇಡಲೇಬೇಕಾದ ಹಾಲ್‌ಗಳಲ್ಲಿ ಮಾತ್ರ ಕಾರ್ಡಿಯಾಯ್ಡ್ ಲ್ಯಾಪೆಲ್ ಬಗ್ಗೆ ಯೋಚಿಸಬಹುದು. ಅಲ್ಲೂ ನಾನು ಮೊದಲು ಸ್ಪೀಕರ್ ಜಾಗ ಬದಲಿಸಿ ನೋಡಿ ಅಂತಲೇ ಹೇಳುವುದು.

ಜಾಗ ಎಲ್ಲಿ? ಎದೆಮೂಳೆಯ ಮೇಲ್ಭಾಗ, ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ. ಇನ್ನೂ ಹತ್ತಿರ ಹೋದರೆ ಒಳ್ಳೆಯದಲ್ವಾ ಅಂದರೆ, ಇಲ್ಲ. ಕುತ್ತಿಗೆಯ ಬುಡಕ್ಕೆ ಹೋದರೆ ಮೈಕ್ ಗದ್ದದ ನೆರಳಿಗೆ ಬೀಳುತ್ತದೆ. ಮಾತಿನ ಸ್ಪಷ್ಟತೆ ಇರುವುದು ಸ, ತ, ಕ, ಚ ಥರದ ವ್ಯಂಜನಗಳಲ್ಲಿ. ಆ ಮೇಲಿನ ಆವರ್ತನಗಳು ಬೆಳಕಿನ ಹಾಗೆ ನೇರವಾಗಿ ಸಾಗುತ್ತವೆ, ಗದ್ದ ಬಳಸಿಕೊಂಡು ಕೆಳಗೆ ಬರುವುದಿಲ್ಲ. ಎದೆಯ ಮೇಲೂ ಅವು ಒಂದಿಷ್ಟು ಕಮ್ಮಿಯೇ. ಅಲ್ಲಿ 3ರಿಂದ 4 ಕಿಲೋಹರ್ಟ್ಸ್ ಆಸುಪಾಸು ತಗ್ಗಿರುತ್ತದೆ, 800 ಹರ್ಟ್ಸ್ ಹತ್ತಿರ ಎದೆಯ ಗೂಡು ಸೇರಿಸಿದ ಉಬ್ಬು ಇರುತ್ತದೆ. ಅದಕ್ಕೇ ಹಲವು ಲ್ಯಾಪೆಲ್‌ಗಳಲ್ಲಿ ಮೇಲಿನ ಆವರ್ತನಗಳನ್ನು ಸ್ವಲ್ಪ ಎತ್ತಿಯೇ ತಯಾರಿಸಿರುತ್ತಾರೆ. ಅಂಥ ಮೈಕ್ ಇಲ್ಲದಿದ್ದರೆ, ಎಲ್ಲ ಮೈಕ್‌ಗಳ ದನಿ ಬಂದು ಸೇರುವ ಮಿಕ್ಸರ್‌ನಲ್ಲಿ ಆ ಎರಡು ಜಾಗಗಳನ್ನು ಮೆಲ್ಲಗೆ ಸರಿಪಡಿಸಿಕೊಂಡರೆ ದನಿ ತೆರೆದುಕೊಳ್ಳುತ್ತದೆ. 80ರಿಂದ 100 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್‌ನಲ್ಲಿ ಕತ್ತರಿಸಿ. ಅಲ್ಲಿ ಮಾತಿಗೆ ಬೇಕಾದದ್ದು ಅಷ್ಟೇನೂ ಇಲ್ಲ, ಕಾಲು ಬಡಿತ ಮತ್ತು ಏಸಿ ಗುಡುಗು ಬೇಕಾದಷ್ಟಿದೆ.

ಮಧ್ಯದಲ್ಲಿ ಹಾಕಬೇಕೋ ಪಕ್ಕದಲ್ಲೋ ಎನ್ನುವುದು ಸೋಫಾ ನೋಡಿ ತೀರ್ಮಾನವಾಗಬೇಕು. ಟೈ ಅಥವಾ ಅಂಗಿಯ ಗುಂಡಿ ಸಾಲು ಇದ್ದರೆ ಮಧ್ಯವೇ ಸರಿ, ಯಾವ ಕಡೆ ತಿರುಗಿದರೂ ನಷ್ಟ ಸಮ. ಕೋಟಿನ ಅಂಚಿಗೆ ಸಿಕ್ಕಿಸುವುದಾದರೆ ಆ ವ್ಯಕ್ತಿ ಹೆಚ್ಚು ಹೊತ್ತು ತಿರುಗಿರುವ ಕಡೆಗೇ ಸಿಕ್ಕಿಸಬೇಕು. ನಿರೂಪಕರ ಎಡಗಡೆ ಅತಿಥಿಗಳು ಕೂರುತ್ತಾರೆ ಅಂದರೆ ನಿರೂಪಕರ ಮೈಕ್ ಎಡಗಡೆ ಅಂಚಿಗೆ, ಅತಿಥಿಗಳದ್ದು ನಿರೂಪಕರ ಕಡೆಯ ಅಂಚಿಗೆ. ಇದು ಎಷ್ಟು ಸಣ್ಣ ವಿಷಯ ನೋಡಿ. ಆದರೂ ಎಷ್ಟೋ ಶೋಗಳಲ್ಲಿ ಅತಿಥಿ ನಿರೂಪಕರ ಕಡೆ ತಿರುಗಿದ ಕೂಡಲೇ ದನಿ ಮಂಕಾಗುವುದು ಇದೊಂದನ್ನು ನೋಡಿಕೊಳ್ಳದೆ ಇದ್ದದ್ದರಿಂದ.

ಮೂಗಿನ ಉಸಿರು ಸೀದಾ ಕೆಳಗೆ ಬಂದು ಮೈಕ್‌ಗೆ ಬಡಿಯುತ್ತಿದ್ದರೆ, ಪ, ಬ ಹೇಳಿದಾಗ ಧಪ್ ಅಂತಿದ್ದರೆ, ಆಮ್ನಿ ಲ್ಯಾಪೆಲನ್ನು ತಲೆಕೆಳಗಾಗಿ ಹಾಕಿ ನೋಡಿ. ಎಲ್ಲ ಕಡೆಯಿಂದ ಕೇಳುವ ಮೈಕ್ ಆದ್ದರಿಂದ ಮಾತಿನಲ್ಲಿ ನಷ್ಟ ಅತಿ ಕಮ್ಮಿ, ಗಾಳಿಯ ಹೊಡೆತ ಮಾತ್ರ ತಪ್ಪುತ್ತದೆ.

ಇನ್ನು ಬಟ್ಟೆ. ರೇಷ್ಮೆ, ನೈಲಾನ್ ಥರದ ಗರಗರ ಅನ್ನುವ ಬಟ್ಟೆ ಲ್ಯಾಪೆಲ್‌ಗೆ ಶತ್ರು, ಮೆತ್ತನೆ ಹತ್ತಿ ಬಟ್ಟೆ ಸ್ನೇಹಿತ. ಉದ್ದ ಸರ, ಕುತ್ತಿಗೆಗೆ ಸುತ್ತಿದ ಸ್ಕಾರ್ಫ್, ಜೋತುಬಿದ್ದ ಕೂದಲು, ಗುರುತಿನ ಬ್ಯಾಡ್ಜ್ ಇವು ಮೈಕ್ ಪಕ್ಕ ಬರದ ಹಾಗೆ ನೋಡಬೇಕು. ಅತಿಥಿಗಳಿಗೆ ಬಟ್ಟೆಯ ಬಗ್ಗೆ ಎರಡು ದಿನ ಮುಂಚೆಯೇ ಹೇಳಿಟ್ಟರೆ ಶೂಟಿಂಗ್ ದಿನ ಯಾರಿಗೂ ಪೇಚಾಟವಿಲ್ಲ. ಕ್ಲಿಪ್‌ನ ಹಿಂದೆ ತಂತಿಯನ್ನು ಒಂದು ಸಣ್ಣ ಸುತ್ತು ಸುತ್ತಿ ಅದೇ ಕ್ಲಿಪ್‌ನಲ್ಲಿ ಸಿಕ್ಕಿಸಿ. ತಂತಿ ಎಳೆದಾಗ ಬರುವ ಸದ್ದು ಆ ಸುತ್ತಿನಲ್ಲೇ ಸತ್ತುಹೋಗುತ್ತದೆ, ಮೈಕ್‌ವರೆಗೆ ಬರುವುದಿಲ್ಲ. ಮೈಕನ್ನು ಬಟ್ಟೆಯೊಳಗೆ ಬಚ್ಚಿಡುವುದು ಸಿನಿಮಾದವರಿಗೆ ಅನಿವಾರ್ಯ. ಟಾಕ್ ಶೋದಲ್ಲಿ ಒಂದು ಸಣ್ಣ ಮೈಕ್ ಕಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸುಮ್ನೆ ಬಚ್ಚಿಟ್ಟು ದನಿ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಮಾತು. ಮೈಕ್ ಹಾಕುವುದು ಅಂದರೆ ಅಪರಿಚಿತರೊಬ್ಬರ ಮೈಗೆ ಹತ್ತಿರ ಹೋಗುವುದು. ಮುಟ್ಟುವ ಮೊದಲು ಏನು ಮಾಡುತ್ತೇನೆ ಅಂತ ಹೇಳಿ, ಕೇಳಿ. ಬಟ್ಟೆಯೊಳಗಿಂದ ತಂತಿ ಹಾಯಿಸುವುದನ್ನು ಅವರೇ ಮಾಡಿಕೊಳ್ಳಲಿ, ಬೇಕಿದ್ದರೆ ಪರದೆ ಇರುವ ಜಾಗ ಕೊಡಿ. ಮೈಕ್ ಹಾಕುವ ತಂಡದಲ್ಲಿ ಹೆಂಗಸರೂ ಇರಲಿ. ಈ ಎರಡು ನಿಮಿಷ ಹೇಗೆ ಕಳೆಯಿತು ಅನ್ನುವುದರ ಮೇಲೆ ಅತಿಥಿ ಮುಂದಿನ ಒಂದು ಗಂಟೆ ನಿರಾಳವಾಗಿ ಕೂರುತ್ತಾರೋ ಇಲ್ಲವೋ ಅನ್ನುವುದು ನಿಂತಿದೆ.

ಸೋಫಾದ ಮೇಲಿನ ನಿಜವಾದ ಕಷ್ಟ

ಒಬ್ಬರಿಗೊಂದು ಮೈಕ್ ಹಾಕಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೇವೆ. ಆದರೆ ಪಕ್ಕದಲ್ಲಿ ಕೂತವರ ಮೈಕ್‌ಗೂ ನಿಮ್ಮ ಮಾತು ಕೇಳಿಸುತ್ತದಲ್ಲ? ಒಂದೇ ಮಾತು ಎರಡು ಮೈಕ್‌ಗಳಿಗೆ ಸ್ವಲ್ಪ ಹಿಂದೆಮುಂದೆ ತಲುಪಿ, ಮಿಕ್ಸರ್‌ನಲ್ಲಿ ಒಂದರ ಮೇಲೊಂದು ಬೀಳುತ್ತದೆ. ಕೆಲವು ಆವರ್ತನಗಳು ಕೂಡಿಕೊಂಡು ಉಬ್ಬುತ್ತವೆ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. ಕೊಳವೆಯೊಳಗಿಂದ ಮಾತಾಡಿದ ಥರದ ಪೊಳ್ಳು ದನಿ ಬರುವುದು ಇದರಿಂದ. ಇದಕ್ಕೆ ಕೋಂಬ್ ಫಿಲ್ಟರಿಂಗ್ ಅನ್ನುತ್ತಾರೆ.

ಸಂಖ್ಯೆಗಳಲ್ಲಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಮೈಕ್ ನಿಮ್ಮ ಬಾಯಿಗೆ 20 ಸೆಂಟಿಮೀಟರ್ ದೂರ, ಪಕ್ಕದವರ ಮೈಕ್ 80 ಸೆಂಟಿಮೀಟರ್ ದೂರ ಅಂತಿಟ್ಟುಕೊಳ್ಳಿ. ನಾಲ್ಕು ಪಟ್ಟು ದೂರ, ಅಂದರೆ ಪಕ್ಕದ ಮೈಕ್‌ನಲ್ಲಿ ನಿಮ್ಮ ದನಿ 12 ಡೆಸಿಬಲ್ ಕೆಳಗಿದೆ. ಎರಡೂ ಸೇರಿದಾಗ ಆಗುವ ಏರಿಳಿತ ಹೆಚ್ಚೆಂದರೆ 2 ಡೆಸಿಬಲ್ ಮೇಲೆ, ಎರಡೂವರೆ ಕೆಳಗೆ. ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಈಗ ನೀವು ಪಕ್ಕದವರ ಕಡೆ ವಾಲಿ ಏನೋ ಹೇಳುತ್ತೀರಿ. ನಿಮ್ಮ ಮೈಕ್ 25 ಸೆಂಟಿಮೀಟರ್, ಅವರದ್ದು 40. ವ್ಯತ್ಯಾಸ 4 ಡೆಸಿಬಲ್‌ಗೆ ಬಂತು. 15 ಸೆಂಟಿಮೀಟರ್ ಹೆಚ್ಚು ದಾರಿ ಅಂದರೆ ಸುಮಾರು 0.44 ಮಿಲಿಸೆಕೆಂಡ್ ತಡ. ದನಿ ಅಳಿಸಿಹೋಗುವ ಮೊದಲ ತಗ್ಗು ಬೀಳುವುದು 1,100 ಹರ್ಟ್ಸ್ ಆಸುಪಾಸು, ಸರಿಯಾಗಿ ಮಾತಿನ ನಟ್ಟನಡುವೆ, ಎಂಟು ಡೆಸಿಬಲ್‌ಗಿಂತ ಆಳ. ಅತ್ಯಂತ ಆಪ್ತವಾದ ಕ್ಷಣದಲ್ಲೇ, ಇಬ್ಬರು ತಲೆಗೆ ತಲೆ ಕೊಟ್ಟು ಮಾತಾಡುವಾಗಲೇ, ದನಿ ಕೆಡುತ್ತದೆ.

ಇದಕ್ಕೇ ಮೂರಕ್ಕೊಂದರ ನಿಯಮ ಅಂತ ಒಂದಿದೆ. ಬಾಯಿಂದ ಮೈಕ್‌ಗೆ ಎಷ್ಟು ದೂರವೋ, ಒಂದು ಮೈಕ್‌ನಿಂದ ಇನ್ನೊಂದಕ್ಕೆ ಕನಿಷ್ಠ ಅದರ ಮೂರು ಪಟ್ಟು ದೂರ ಇರಬೇಕು. ಲ್ಯಾಪೆಲ್ 20 ಸೆಂಟಿಮೀಟರ್ ಅಂದರೆ ಪಕ್ಕದ ಲ್ಯಾಪೆಲ್ 60 ಸೆಂಟಿಮೀಟರ್ ಆಚೆ. ಇಬ್ಬರು ಆರಾಮಾಗಿ ಕೂರುವ ಅಂತರವೂ ಹೆಚ್ಚುಕಡಿಮೆ ಇಷ್ಟೇ. ಅದಕ್ಕಿಂತ ಒತ್ತಾಗಿ ಕೂರಿಸುವ ಚಿಕ್ಕ ಸೋಫಾವನ್ನು ಸೆಟ್ ಡಿಸೈನ್ ಮಾಡುವವರು ಆರಿಸಿದ್ದರೆ, ಆ ಹಂತದಲ್ಲೇ ಮಾತಾಡಿ ಬದಲಾಯಿಸಿಕೊಳ್ಳಿ. ಸೋಫಾ ಅಳತೆಯೂ ಸೌಂಡ್‌ನವರ ಕೆಲಸವೇ. ಟೇಬಲ್ ಮೇಲೆ 40 ಸೆಂಟಿಮೀಟರ್ ದೂರದಲ್ಲಿ ಗೂಸ್‌ನೆಕ್ ಇಟ್ಟರೆ ಇದೇ ನಿಯಮಕ್ಕೆ ಮೈಕ್‌ಗಳ ನಡುವೆ 120 ಸೆಂಟಿಮೀಟರ್ ಬೇಕಾಗುತ್ತದೆ. ದೂರದ ಮೈಕ್ ಯಾಕೆ ಬೇಡ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ನಿಯಮ ಪಾಲಿಸಿದರೂ ಒಂದು ಲೆಕ್ಕ ಉಳಿಯುತ್ತದೆ. ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗೆಲ್ಲ ಒಟ್ಟು ಸೇರುವ ಕೋಣೆಯ ಸದ್ದು 3 ಡೆಸಿಬಲ್ ಏರುತ್ತದೆ. ನಾಲ್ಕು ಮೈಕ್ ತೆರೆದಿದ್ದರೆ 6, ಎಂಟಾದರೆ 9. ಸ್ಪೀಕರ್ ಸದ್ದು ಮೈಕ್‌ಗೆ ತಿರುಗಿ ಹೊಕ್ಕು ಕೂಗು ಹಾಕುವ ಮೊದಲು ಗೇನ್ ಏರಿಸಲು ಸಿಗುವ ಅವಕಾಶವೂ ಅಷ್ಟೇ ಕುಗ್ಗುತ್ತದೆ. ಹಾಗಾದರೆ ಮಾತಾಡದವರ ಫೇಡರ್ (ಮಿಕ್ಸರ್‌ನಲ್ಲಿ ಒಂದೊಂದು ಮೈಕ್‌ನ ಮಟ್ಟ ಏರಿಳಿಸುವ ಜಾರುಗುಂಡಿ) ಇಳಿಸಿಬಿಡಿ ಅನ್ನಬಹುದು. ಮೊದಲೇ ಬರೆದ ಸ್ಕ್ರಿಪ್ಟ್ ಇದ್ದರೆ ಸರಿ, ಹರಟೆಯಲ್ಲಿ ಮುಂದಿನ ಮಾತು ಯಾರ ಬಾಯಿಂದ ಬರುತ್ತದೆ ಅಂತ ಯಾರಿಗೆ ಗೊತ್ತು? ನುರಿತ ಆಪರೇಟರ್‌ಗಳು ಮುಖ ನೋಡಿ, ಯಾರು ಉಸಿರೆಳೆದುಕೊಂಡರು ಅಂತ ಗಮನಿಸಿ ಫೇಡರ್ ಏರಿಸುತ್ತಾರೆ. ಆರು ಜನರಿರುವಾಗ ಅದು ಯಾರ ಕೈಯಲ್ಲೂ ಪೂರ್ತಿ ಆಗುವುದಿಲ್ಲ, ಮೊದಲ ಪದ ನುಂಗಿಹೋಗುತ್ತದೆ.

ಡ್ಯಾನ್ ಡ್ಯೂಗನ್ ಎಂಬ ಅಮೆರಿಕದ ಸೌಂಡ್ ಎಂಜಿನಿಯರ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಹಿಡಿದರು. ಅವರ ಆಟೋಮಿಕ್ಸರ್ ಯಾವ ಮೈಕನ್ನೂ ಪೂರ್ತಿ ಮುಚ್ಚುವುದಿಲ್ಲ. ಎಲ್ಲ ಮೈಕ್‌ಗಳಿಗೆ ಬರುತ್ತಿರುವ ಒಟ್ಟು ಸದ್ದಿನಲ್ಲಿ ಒಂದೊಂದರ ಪಾಲು ಎಷ್ಟು ಅಂತ ನೋಡಿ, ಅದೇ ಅನುಪಾತದಲ್ಲಿ ಗೇನ್ ಹಂಚುತ್ತದೆ. ಒಬ್ಬರೇ ಮಾತಾಡುತ್ತಿದ್ದರೆ ಹೆಚ್ಚುಕಡಿಮೆ ಎಲ್ಲ ಗೇನ್ ಅವರಿಗೆ. ಇಬ್ಬರು ಸಮವಾಗಿ ಮಾತಾಡಿದರೆ ಇಬ್ಬರಿಗೂ 3 ಡೆಸಿಬಲ್ ಕಮ್ಮಿ. ಎಲ್ಲರೂ ಸುಮ್ಮನಿದ್ದರೆ ಎಲ್ಲರಿಗೂ ಸಮಪಾಲು. ಒಟ್ಟು ಮೊತ್ತ ಯಾವಾಗಲೂ ಒಂದೇ ಮೈಕ್ ತೆರೆದಿರುವಷ್ಟು. ಕೋಣೆಯ ಸದ್ದು ಏರುಪೇರಾಗದೆ ನಿಲ್ಲುವುದರಿಂದ ಮನೆಯಲ್ಲಿ ಕೂತು ಕೇಳುವವರಿಗೆ ಮೈಕ್ ತೆರೆದದ್ದು ಮುಚ್ಚಿದ್ದು ಗೊತ್ತೇ ಆಗುವುದಿಲ್ಲ. ಈಗ ಯಮಾಹಾದ ಹಲವು ಡಿಜಿಟಲ್ ಮಿಕ್ಸರ್‌ಗಳಲ್ಲಿ ಡ್ಯೂಗನ್ ಆಟೋಮಿಕ್ಸ್ ಒಳಗೇ ಬರುತ್ತದೆ, ಬೇರೆ ಕಂಪನಿಗಳಲ್ಲೂ ಇದೇ ಬಗೆಯ ವ್ಯವಸ್ಥೆಗಳಿವೆ. ಮೂರಕ್ಕಿಂತ ಹೆಚ್ಚು ಜನ ಕೂರುವ ಶೋಗೆ ಆಟೋಮಿಕ್ಸ್ ಇರುವ ಮಿಕ್ಸರ್ ಮತ್ತು ಸಾಧಾರಣ ಮೈಕ್ ಒಂದು ಕಡೆ, ಅದಿಲ್ಲದ ಮಿಕ್ಸರ್ ಮತ್ತು ದುಬಾರಿ ಮೈಕ್ ಇನ್ನೊಂದು ಕಡೆ ಇಟ್ಟರೆ ನಾನು ಯೋಚಿಸದೆ ಮೊದಲನೆಯದನ್ನು ತೆಗೆದುಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಪ್ರೇಕ್ಷಕರ ಮೈಕ್‌ಗಳನ್ನು, ಸಂಗೀತದ ಮೈಕ್‌ಗಳನ್ನು ಈ ಗುಂಪಿಗೆ ಸೇರಿಸಬೇಡಿ. ಜನ ಚಪ್ಪಾಳೆ ಹೊಡೆದಾಗ ಆ ಮೈಕ್‌ಗಳೇ ಪಾಲು ಬಾಚಿಕೊಂಡು ನಿರೂಪಕರ ದನಿಯನ್ನು ಕೆಳಗೆ ತಳ್ಳುತ್ತವೆ.

ಟೇಬಲ್, ಬೂಮ್, ಹ್ಯಾಂಡ್ ಮೈಕ್

ನಿರೂಪಕರ ಟೇಬಲ್ ಮೇಲೆ ದೊಡ್ಡ ಹಳೆಯ ಮೈಕ್ ಇಟ್ಟಿರುವುದನ್ನು ನೀವು ನೋಡಿರಬಹುದು. ಹೆಚ್ಚಿನ ಕಡೆ ಅದು ಅಲಂಕಾರ. ಸಿಎನ್ಎನ್‌ನಲ್ಲಿ 1985ರಿಂದ 2010ರವರೆಗೆ ನಡೆದ ಲ್ಯಾರಿ ಕಿಂಗ್ ಅವರ ಶೋದಲ್ಲಿ ಮೇಜಿನ ಮೇಲಿದ್ದ ಹಳೇ ಕಾಲದ ಆರ್‌ಸಿಎ ಮೈಕ್ ಬರೀ ನೋಡಲಿಕ್ಕೆ. ದನಿ ಹಿಡಿಯುತ್ತಿದ್ದುದು ಮೈಮೇಲಿನ ಲ್ಯಾಪೆಲ್. ಟೇಬಲ್ ಮೇಲಿನ ಮೈಕ್‌ಗೆ ಕಾಗದದ ಸರಪರ, ಲೋಟ ಇಟ್ಟ ಸದ್ದು, ಬೆರಳಿನ ತಾಳ ಎಲ್ಲ ಮಾತಿಗಿಂತ ಜೋರಾಗಿ ಕೇಳುತ್ತವೆ. ಮೇಜಿಗೆ ಅಂಟಿಕೊಂಡಿರುವ ಚಪ್ಪಟೆ ಬೌಂಡರಿ ಮೈಕ್‌ಗಳದ್ದೂ ಇದೇ ಕಥೆ. ಲ್ಯಾಪೆಲ್ ಕೈಕೊಟ್ಟಾಗ ಇರಲಿ ಅಂತ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು, ಅಷ್ಟೇ.

ಬೂಮ್ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಸೆನ್‌ಹೈಸರ್ ಎಂಕೆಎಚ್ 416 ಥರದ, ಮುಂದೆ ಕೊಳವೆ ಇರುವ ಶಾಟ್‌ಗನ್ ಮೈಕ್ ದೂರದ ಮಾತನ್ನು ಎಳೆದು ತರುತ್ತದೆ ಅಂತ. ಯಾವ ಮೈಕೂ ಏನನ್ನೂ ಎಳೆದು ತರುವುದಿಲ್ಲ. ಶಾಟ್‌ಗನ್ ಮಾಡುವುದು ಪಕ್ಕದಿಂದ ಬರುವ ಸದ್ದನ್ನು ಕೊಳವೆಯ ಸೀಳುಗಳ ಮೂಲಕ ಕಮ್ಮಿ ಮಾಡುವ ಕೆಲಸ. ಅದೂ ಮೇಲಿನ ಆವರ್ತನಗಳಲ್ಲಿ ಮಾತ್ರ ಚೆನ್ನಾಗಿ ಆಗುತ್ತದೆ. ಪ್ರತಿಧ್ವನಿ ಜಾಸ್ತಿ ಇರುವ ಒಳಾಂಗಣದಲ್ಲಿ ಪಕ್ಕದಿಂದ ಬರುವುದೂ ಅದೇ ಮಾತಿನ ಪ್ರತಿಧ್ವನಿಯೇ ಆಗಿರುವುದರಿಂದ ದನಿಯ ಬಣ್ಣ ಕೆಡುತ್ತದೆ. ಅಂಥ ಕಡೆ ಕೊಳವೆ ಇಲ್ಲದ ಚಿಕ್ಕ ಸೂಪರ್‌ಕಾರ್ಡಿಯಾಯ್ಡ್ (ಕಾರ್ಡಿಯಾಯ್ಡ್‌ಗಿಂತ ಕಿರಿದಾದ ದಿಕ್ಕಿನಿಂದ ಕೇಳುವ) ಮೈಕ್ ಹೆಚ್ಚು ಸಹಜವಾಗಿ ಕೇಳುತ್ತದೆ. ಲೈವ್ ಶೋದಲ್ಲಿ ಸೋಫಾ ಮೇಲೆ, ಕ್ಯಾಮೆರಾ ಚೌಕಟ್ಟಿನ ಆಚೆ, ಮೈಕ್‌ನ ನೆರಳು ಮುಖಕ್ಕೆ ಬೀಳದ ಹಾಗೆ ಅಂಥದ್ದೊಂದನ್ನು ತೂಗುಹಾಕಿರಲಿ. ಯಾರದೋ ಲ್ಯಾಪೆಲ್ ಸತ್ತರೆ ಅದನ್ನು ತೆರೆದುಕೊಂಡು ಮುಂದಿನ ಬ್ರೇಕ್‌ವರೆಗೆ ತಳ್ಳಬಹುದು. ನಿರೂಪಕರಿಗಂತೂ ಒಂದೇ ಕ್ಲಿಪ್‌ನಲ್ಲಿ ಎರಡು ಲ್ಯಾಪೆಲ್ ಹಾಕುವುದು ಒಳ್ಳೆಯ ಪದ್ಧತಿ. ಎರಡನ್ನೂ ಒಟ್ಟಿಗೆ ತೆರೆಯಬಾರದು, ಒಂದು ಪ್ರಸಾರಕ್ಕೆ, ಇನ್ನೊಂದು ಕಾಯಲಿಕ್ಕೆ.

ಪ್ರೇಕ್ಷಕರ ಪ್ರಶ್ನೆಗೆ ಹ್ಯಾಂಡ್ ಮೈಕ್ ಬೇಕು, ಅದೂ ಶೂರ್ ಎಸ್‌ಎಂ58 ಥರದ ಗಟ್ಟಿಮುಟ್ಟಾದ ಡೈನಮಿಕ್ ಕಾರ್ಡಿಯಾಯ್ಡ್. ಅದು 1966ರಲ್ಲಿ ಬಂದ ಮೈಕ್, ಈಗಲೂ ಎಲ್ಲ ಕಡೆ ಸಿಗುತ್ತದೆ, ಬಿದ್ದರೂ ಏಳುತ್ತದೆ. ಮೈಕನ್ನು ಪ್ರೇಕ್ಷಕರ ಕೈಗೆ ಕೊಡದೆ ಫ್ಲೋರ್‌ನಲ್ಲಿರುವವರೇ ಹಿಡಿದರೆ ಉತ್ತಮ. ಕೈಗೆ ಕೊಟ್ಟರೆ ಕೆಲವರು ಹೊಟ್ಟೆಯ ಹತ್ತಿರ ಹಿಡಿಯುತ್ತಾರೆ, ಕೆಲವರು ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚುತ್ತಾರೆ. ಜಾಲರಿಯ ಹಿಂಭಾಗ ಮುಚ್ಚಿದರೆ ಮೈಕ್ ತನ್ನ ದಿಕ್ಕನ್ನೇ ಕಳೆದುಕೊಂಡು ಸ್ಪೀಕರ್ ಕೂಗಲು ಶುರುಮಾಡುತ್ತದೆ.

ಪ್ರೇಕ್ಷಕರು ಮತ್ತು ಸ್ಪೀಕರ್

ಸ್ಟುಡಿಯೋದಲ್ಲಿ ಕೂತ ಜನರಿಗೆ ಮಾತು ಕೇಳಿಸಬೇಕು, ಇಲ್ಲದಿದ್ದರೆ ನಗು ಬರುವುದಿಲ್ಲ. ಆದರೆ ಸ್ಪೀಕರ್ ಎಷ್ಟು ಜೋರೋ ಅಷ್ಟು ಪ್ರಸಾರದ ದನಿ ಕೊಳಕು. ವೇದಿಕೆಯ ಎರಡು ಬದಿಗೆ ಎರಡು ದೊಡ್ಡ ಸ್ಪೀಕರ್ ಇಡುವ ಬದಲು ಪ್ರೇಕ್ಷಕರ ತಲೆ ಮೇಲೆ ಸಣ್ಣ ಸ್ಪೀಕರ್‌ಗಳನ್ನು ಹಂಚಿ ತೂಗುಹಾಕಿ, ಅವು ಜನರ ಕಡೆ ಮುಖ ಮಾಡಿರಲಿ, ಸೋಫಾಗೆ ಬೆನ್ನು. ಕೇಳುವವರಿಗೆ ಹತ್ತಿರ ಇರುವುದರಿಂದ ಮೆಲ್ಲಗಿಟ್ಟರೂ ಸಾಕಾಗುತ್ತದೆ. ಇಲ್ಲೂ ದೂರದ ಅದೇ ಲೆಕ್ಕ.

ಜನರ ನಗು, ಚಪ್ಪಾಳೆ ಹಿಡಿಯಲು ಬೇರೆ ಮೈಕ್‌ಗಳು ಬೇಕು. ಅವನ್ನು ಪ್ರೇಕ್ಷಕರ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾಕಿ, ಅದಕ್ಕಿಂತ ಕೆಳಗೆ ಬಂದರೆ ಒಂದು ಗುಂಪಿನ ಬದಲು ಒಬ್ಬರ ಕೆಮ್ಮು ಕೇಳುತ್ತದೆ. ಮೈಕ್‌ನ ಕಿವುಡು ದಿಕ್ಕು ಸ್ಪೀಕರ್ ಕಡೆ ಇರಬೇಕು. ಕಾರ್ಡಿಯಾಯ್ಡ್ ಕಿವುಡಾಗಿರುವುದು ನೇರ ಹಿಂದೆ, 180 ಡಿಗ್ರಿಯಲ್ಲಿ. ಸೂಪರ್‌ಕಾರ್ಡಿಯಾಯ್ಡ್ ಸುಮಾರು 126 ಡಿಗ್ರಿಯಲ್ಲಿ, ಅದಕ್ಕಿಂತಲೂ ಕಿರಿದಾದ ದಿಕ್ಕಿನ ಹೈಪರ್‌ಕಾರ್ಡಿಯಾಯ್ಡ್ ಸುಮಾರು 110ರಲ್ಲಿ. ಈ ಕೋನ ಗೊತ್ತಿಲ್ಲದೆ ಸೂಪರ್‌ಕಾರ್ಡಿಯಾಯ್ಡ್ ಮೈಕ್‌ನ ನೇರ ಹಿಂದೆ ಸ್ಪೀಕರ್ ಇಟ್ಟರೆ ಪ್ರಯೋಜನ ಇಲ್ಲ, ಆ ದಿಕ್ಕಿನಿಂದ ಅದಕ್ಕೆ ಒಂದಿಷ್ಟು ಕೇಳಿಸುತ್ತದೆ.

ಈ ಮೈಕ್‌ಗಳನ್ನು ಸದಾ ತೆರೆದಿಡುವಂತೆಯೂ ಇಲ್ಲ. ಸೋಫಾದಿಂದ 10 ಮೀಟರ್ ದೂರದ ಪ್ರೇಕ್ಷಕರ ಮೈಕ್‌ಗೆ ನಿರೂಪಕರ ಮಾತು ಸುಮಾರು 29 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಅದು ಸೇರಿದಷ್ಟೂ ಮಾತು ಹಾಲ್‌ನೊಳಗೆ ಕರಗಿಹೋಗುತ್ತದೆ. ಪೂರ್ತಿ ಮುಚ್ಚಿಬಿಟ್ಟರೆ ಜನರೇ ಇಲ್ಲದ ಸ್ಟುಡಿಯೋ ಅನ್ನಿಸುತ್ತದೆ. ಹಾಗಾಗಿ ಮಾತಿನ ವೇಳೆ ತಗ್ಗಿಸಿ, ನಗು ಹುಟ್ಟುವ ಮೊದಲೇ ಮೆಲ್ಲಗೆ ಏರಿಸಬೇಕು. ಇದು ಕೈಯಿಂದಲೇ ಆಗಬೇಕಾದ ಕೆಲಸ, ನನ್ನ ಮಟ್ಟಿಗೆ ಟಾಕ್ ಶೋ ಮಿಕ್ಸಿಂಗ್‌ನಲ್ಲಿ ಇದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿಲ್ಲ. ಎಲ್ಲಿ ನಗು ಬರುತ್ತದೆ ಅಂತ ಗೊತ್ತಾಗಬೇಕಾದರೆ ಮಾತನ್ನು ನಿಜವಾಗಿ ಕೇಳುತ್ತಿರಬೇಕು.

ಫೋನ್‌ನಲ್ಲೋ ವಿಡಿಯೋದಲ್ಲೋ ದೂರದ ಅತಿಥಿ ಸೇರುವುದಿದ್ದರೆ ಅವರಿಗೆ ಕಳಿಸುವ ಆಡಿಯೋದಲ್ಲಿ ಎಲ್ಲರ ದನಿ ಇರಬೇಕು, ಅವರದ್ದು ಮಾತ್ರ ಇರಬಾರದು. ಇದಕ್ಕೆ ಮಿಕ್ಸ್ ಮೈನಸ್ ಅನ್ನುತ್ತಾರೆ. ಇದಿಲ್ಲದಿದ್ದರೆ ಅವರ ಮಾತೇ ಅರೆಸೆಕೆಂಡ್ ತಡವಾಗಿ ಅವರ ಕಿವಿಗೆ ಬಿದ್ದು ನಾಲಿಗೆ ತೊದಲುತ್ತದೆ.

ವೈರ್‌ಲೆಸ್, ಮಟ್ಟ, ತುಟಿ

ಕೂತಲ್ಲಿಂದ ಏಳದ ಅತಿಥಿಗೆ ತಂತಿಯ ಲ್ಯಾಪೆಲ್ ಸಾಕು, ಅದರಷ್ಟು ನಂಬಿಕಸ್ಥ ಬೇರೆ ಇಲ್ಲ. ಆದರೆ ಜನ ನಡೆದು ಬಂದು, ಕೈಕುಲುಕಿ ಕೂರುವ ಶೋಗಳೇ ಜಾಸ್ತಿ, ಅಲ್ಲಿ ವೈರ್‌ಲೆಸ್ ಬೇಕೇ ಬೇಕು. ಹಲವು ಟ್ರಾನ್ಸ್‌ಮಿಟರ್ (ಮೈಕ್‌ನ ದನಿಯನ್ನು ರೇಡಿಯೋ ಅಲೆಯಲ್ಲಿ ಕಳಿಸುವ, ಮೈಮೇಲೆ ಸಿಕ್ಕಿಸುವ ಪೆಟ್ಟಿಗೆ) ಒಟ್ಟಿಗೆ ಇದ್ದಾಗ ಅವುಗಳ ಆವರ್ತನಗಳು ಬೆರೆತು ಹೊಸ ಆವರ್ತನಗಳು ಹುಟ್ಟುತ್ತವೆ. ಒಂದು 600.0 ಮೆಗಾಹರ್ಟ್ಸ್, ಇನ್ನೊಂದು 600.4 ಆದರೆ 599.6 ಮತ್ತು 600.8ರಲ್ಲಿ ಅವುಗಳ ಕಸ ಬೀಳುತ್ತದೆ. ಮೂರನೇ ಮೈಕನ್ನು ಅಂದವಾಗಿ ಸಮ ಅಂತರದಲ್ಲಿ 600.8ಕ್ಕೆ ಇಟ್ಟರೆ ಸೀದಾ ಆ ಕಸದ ಮೇಲೆಯೇ ಇಟ್ಟಂತಾಯಿತು. ಅದಕ್ಕೇ ಆವರ್ತನಗಳನ್ನು ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿಸಿ, ಆ ಜಾಗದಲ್ಲಿ ಬಳಸಲು ಅನುಮತಿ ಇರುವ ಪಟ್ಟಿಯೊಳಗೇ ಆರಿಸಬೇಕು. ಮನುಷ್ಯನ ಮೈ ಈ ಅಲೆಗಳನ್ನು ಹೀರುತ್ತದೆ. ಟ್ರಾನ್ಸ್‌ಮಿಟರ್ ಬೆನ್ನು ಮತ್ತು ಸೋಫಾ ನಡುವೆ ಸಿಕ್ಕಿಕೊಳ್ಳದಿರಲಿ, ಆಂಟೆನಾ ಮಡಚದಿರಲಿ, ರಿಸೀವರ್‌ನ ಆಂಟೆನಾಗಳು ಅಡ್ಡ ಗೋಡೆ ಇಲ್ಲದೆ ಸೋಫಾವನ್ನು ನೋಡುವಂತಿರಲಿ. ಪ್ರತಿ ಶೋಗೂ ಹೊಸ ಬ್ಯಾಟರಿ. ಹಳೆಯದರಲ್ಲಿ ಅರ್ಧ ಉಳಿದಿದೆ ಅನ್ನುವ ಉಳಿತಾಯ ಬೇಡ.

ಗೇನ್ ಇಡುವಾಗ "ಒನ್ ಟೂ ತ್ರೀ" ಹೇಳಿಸಬೇಡಿ. ಎಣಿಸುವಾಗ ಜನ ಮೆಲ್ಲಗೆ ಹೇಳುತ್ತಾರೆ, ಶೋ ಶುರುವಾದ ಮೇಲೆ ದನಿ ತಾನಾಗಿ ಏರುತ್ತದೆ. ಅವರಿಗೆ ಇಷ್ಟವಾದ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳಿ, ಉತ್ತರ ಕೊಡುವ ಉತ್ಸಾಹದ ದನಿಗೆ ಗೇನ್ ಹೊಂದಿಸಿ. ನಗುವಿಗೆ ಅದರ ಮೇಲೂ ಸಾಕಷ್ಟು ಜಾಗ ಬಿಡಿ. ಟ್ರಾನ್ಸ್‌ಮಿಟರ್‌ನಲ್ಲೇ ಒಡೆದ ನಗುವನ್ನು ಮಿಕ್ಸರ್ ಸರಿಮಾಡಲಾರದು. ಪರೀಕ್ಷೆ ಮಾಡುವಾಗ ಅತಿಥಿ ಸೋಫಾದಲ್ಲೇ ಕೂತಿರಲಿ, ನಿರೂಪಕರ ಕಡೆ ತಿರುಗಲಿ, ಮುಂದಕ್ಕೆ ಬಾಗಲಿ, ಕೈ ಆಡಿಸಲಿ. ನಿಂತು ಹಾಕಿದ ಲ್ಯಾಪೆಲ್ ಕೂತ ಮೇಲೆ ಬಟ್ಟೆ ಮಡಿಕೆಯೊಳಗೆ ಮುಳುಗುವುದು ತೀರಾ ಸಾಮಾನ್ಯ.

ತುಟಿ ಮತ್ತು ಮಾತಿನ ಹೊಂದಾಣಿಕೆಯನ್ನೂ ಆಗಲೇ ನೋಡಿ. ಕ್ಯಾಮೆರಾ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚರ್, ಗ್ರಾಫಿಕ್ಸ್ ಎಲ್ಲ ದಾಟುವಾಗ ಚಿತ್ರ ಕೆಲವು ಫ್ರೇಮ್ ತಡವಾಗುತ್ತದೆ, ಮಾತು ಮುಂಚೆ ಬಂದುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುನ ಬಿಟಿ.1359 ಶಿಫಾರಸಿನ ಪ್ರಕಾರ ಮಾತು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುವವರಿಗೆ ಗೊತ್ತಾಗುತ್ತದೆ, ತಡವಾದರೆ 125ರವರೆಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಇರುವ ಕಡೆ ಒಂದು ಫ್ರೇಮ್ ಅಂದರೇ 40 ಮಿಲಿಸೆಕೆಂಡ್. ದೂರದಲ್ಲಿ ಮಾತಾಡುವವರನ್ನು ನೋಡುವಾಗ ದನಿ ತಡವಾಗಿ ಬರುವುದು ನಮಗೆ ರೂಢಿ, ಮುಂಚೆ ಬರುವುದು ಲೋಕದಲ್ಲೇ ಇಲ್ಲ. ಹಾಗಾಗಿ ಆಡಿಯೋವನ್ನು ಸರಿಯಾಗಿ ಅಳೆದು ತಡಮಾಡಿ ಚಿತ್ರಕ್ಕೆ ಹೊಂದಿಸಬೇಕು.

ಬ್ರೇಕ್ ಬಂದ ಕೂಡಲೇ ಎಲ್ಲ ಲ್ಯಾಪೆಲ್‌ಗಳ ಚಾನೆಲ್ ಮುಚ್ಚಿ, ರೆಕಾರ್ಡಿಂಗ್‌ಗೆ ಹೋಗುವ ದಾರಿಯನ್ನೂ ಮುಚ್ಚಿ. ಮೈಕ್ ಮರೆತು ಮಾತಾಡಿ ಅಂತ ನಾವೇ ಅವರನ್ನು ಕೂರಿಸಿದ್ದೇವೆ, ಬ್ರೇಕ್‌ನಲ್ಲಿ ಅವರು ಮನೆಯವರ ಜೊತೆ ಫೋನ್‌ನಲ್ಲಿ ಮಾತಾಡುತ್ತಾರೆ, ವಾಶ್‌ರೂಮ್‌ಗೂ ಅದೇ ಮೈಕ್ ಹಾಕಿಕೊಂಡೇ ಹೋಗುತ್ತಾರೆ. ಶೋ ಮುಗಿದ ಮೇಲೆ ಅವರು ಸೋಫಾದಿಂದ ಏಳುವ ಮೊದಲೇ ಯಾರಾದರೂ ಹೋಗಿ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಕ್ಲಿಪ್ ಬಿಡಿಸಿಕೊಡಲಿ.